ಚಂಡೆ ಇಳಿಸಿದ ಮೇಲಿನ ಒಂದು ಗಂಟೆ

ಯಕ್ಷಗಾನದಲ್ಲಿ ರಾತ್ರಿಯಿಡೀ ಚಂಡೆ ಬಾರಿಸಿ ಬೆಳಗ್ಗೆ ಹೊಸನಗರದ ಮನೆ ಸೇರಿದವನಿಗೆ ನಿದ್ದೆ ಏಕೆ ಬರುವುದಿಲ್ಲವೆಂದು ಹಾಡು, ವಾದ್ಯಗಳ ಹಿಮ್ಮೇಳದವರಿಗೆ ನಾನು ವಿವರಿಸಬೇಕಾಗಿಲ್ಲ. ಮೈ ಬಸವಳಿದಿದ್ದರೂ ಕಿವಿಯೊಳಗೆ ರಭಸದ ಏರುಪದ್ಯ ಮುಗಿದಿರುವುದಿಲ್ಲ. ಕಣ್ಣು ಮುಚ್ಚಿದರೂ ರಂಗಸ್ಥಳದ ದೀಪಗಳು ಆರುವುದಿಲ್ಲ. ಅಡುಗೆಮನೆಯಲ್ಲಿ ಲೋಟ ಬಿದ್ದರೆ ಎದೆ ಝಲ್ಲೆನ್ನುತ್ತದೆ.

ಇದಕ್ಕಾಗಿ ನಾಲ್ಕು ತಿರುಗಾಟಗಳಲ್ಲಿ, ಅಂದರೆ ಮೇಳ ಊರೂರು ಸುತ್ತುವ ನಾಲ್ಕು ಹಂಗಾಮುಗಳಲ್ಲಿ, ಸುಮಾರು 30 ಸಾವಿರ ರೂಪಾಯಿ ಕಳೆದಿದ್ದೇನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಶಿವಮೊಗ್ಗದಲ್ಲಿ ಕೊಂಡ ಹೆಡ್‌ಫೋನಿಗೆ. ಅದು ಹೊರಗಿನ ಸದ್ದನ್ನೇನೋ ಅಡಗಿಸಿತು, ಆದರೆ ಕಿವಿಯೊಳಗಿನ ಗುಂಯ್‌ಗಾನ ಎದ್ದು ಕೇಳತೊಡಗಿತು. ಆಮೇಲೆ 20 ರೂಪಾಯಿಯ ಇಯರ್‌ಪ್ಲಗ್‌ಗಳನ್ನು ಹಗಲಿಡೀ ತುರುಕಿಕೊಂಡು ಕುಳಿತೆ. ಇದು ಇನ್ನೂ ದೊಡ್ಡ ತಪ್ಪಾಯಿತು. ತಿಂಗಳೊಪ್ಪತ್ತಿನಲ್ಲಿ ಒಗ್ಗರಣೆಯ ಚಟಪಟವನ್ನೂ ತಾಳಲಾರದವನಾದೆ. ತೀರಾ ನಿಶ್ಶಬ್ದಕ್ಕೆ ಒಗ್ಗಿದ ಕಿವಿ ಸಣ್ಣ ಸದ್ದಿಗೂ ಬೆಚ್ಚುತ್ತದೆಂಬುದು ಕಿವಿಯ ವೈದ್ಯರು ಬೈದ ಮೇಲೆಯೇ ತಿಳಿದದ್ದು. ಈಗ ಇಯರ್‌ಪ್ಲಗ್‌ಗಳು ಚಂಡೆ ಬಾರಿಸುವಾಗ ಮಾತ್ರ ಕಿವಿಯಲ್ಲಿರುತ್ತವೆ.

ಕೊನೆಗೆ ಕೈಹಿಡಿದದ್ದು ಬಚ್ಚಲುಮನೆ. ಬಂದವನೇ ಯಾರೊಡನೆಯೂ ಮಾತಾಡದೆ, ಮೊಬೈಲನ್ನು ಜಗಲಿಯ ಗೂಡಿನಲ್ಲಿಟ್ಟು, ದೀಪ ಹಾಕದೆ, ಒಲೆಯಲ್ಲಿ ಅಡಿಕೆ ಸಿಪ್ಪೆ ನಿಗಿನಿಗಿ ಉರಿಯುವ ಬೆಳಕಿನಲ್ಲೇ ಹಂಡೆಯ ಬಿಸಿನೀರನ್ನು ತಂಬಿಗೆ ತಂಬಿಗೆಯಾಗಿ ಹೆಗಲ ಮೇಲೆ ಹೊಯ್ದುಕೊಳ್ಳುತ್ತೇನೆ. ಮೊದಲು ಕಣ್ಣಿಗೆ ಕತ್ತಲೆ, ಆಮೇಲೆ ಮೈಗೆ ಬಿಸಿ. ಕಿವಿಯ ಸರದಿ ಕೊನೆಗೆ, ಅದೂ ಪೂರ್ತಿ ಮುಚ್ಚಬಾರದು. ಎಲ್ಲವನ್ನೂ ಒಮ್ಮೆಗೇ ಮುಚ್ಚಹೊರಟದ್ದರಿಂದಲೇ ನಾನು ಅಷ್ಟು ಕಾಲ ಸೋತೆ.

ಬಳಿಕ ಕಿಟಕಿಗೆ ಗೋಣಿ ಕಟ್ಟಿದ ಕೋಣೆಯಲ್ಲಿ ಎರಡು ಕಂಬಳಿ ಹೊದ್ದು, ನಾಲ್ಕೆಣಿಸುವಷ್ಟು ಉಸಿರೆಳೆದು ಎಂಟೆಣಿಸುವಷ್ಟು ಬಿಡುತ್ತೇನೆ. ಎಣಿಕೆಯನ್ನು ತಾಳಕ್ಕೆ ಕೂರಿಸಬೇಡಿ, ಬೆರಳು ಮತ್ತೆ ಚಂಡೆಗೆ ಹೋಗುತ್ತದೆ. ನನ್ನ ನಾಡಿ ನಿಮಿಷಕ್ಕೆ 95ರ ಆಸುಪಾಸಿನಿಂದ ಕಾಲು ಗಂಟೆಯಲ್ಲಿ 70ಕ್ಕೆ ಇಳಿಯುತ್ತದೆ.

ಕಿವಿಗೊಂದು ಮೆದು ಸದ್ದು ಬೇಕೆಂದು ಮಳೆಗಾಲದಲ್ಲಿ ಆಗುಂಬೆಗೆ ಹೋಗಿ ಮಳೆಯನ್ನು ರೆಕಾರ್ಡ್ ಮಾಡಿಕೊಂಡು ಬಂದೆ. ಹೆಂಚಿನ ಮೇಲಿನ ಮಳೆ ಚೆನ್ನಾಗಿ ಒದಗಿತು, ತಗಡಿನ ಮೇಲಿನದು ಚಂಡೆಗೇ ಸಮ, ಜೀರುಂಡೆಯಂತೂ ಆಗಲೇ ಆಗದು. ಪಾದಕ್ಕೆ ತಿಕ್ಕುವ ಎಣ್ಣೆಗೆ ಅಮ್ಮ ಏನೇನು ಹಾಕಿ ಕಾಸುತ್ತಾರೆಂಬುದು ಮಾತ್ರ ನಮ್ಮ ಮನೆಯೊಳಗೇ ಇರಲಿ.

"ಮಿಂದರೆ ನಿದ್ದೆ ಬರುವುದಾದರೆ ನಾವೆಲ್ಲ ಯಾಕೆ ಹೀಗಿದ್ದೇವೆ ಮಾರಾಯಾ?" ಎಂದು ನಕ್ಕಿದ್ದ, ನಮ್ಮ ಮೇಳದಲ್ಲಿ ಹಾಡುವ ಭಾಗವತರು ಈ ಸಲ ತಿರುಗಾಟದ ನಡುವೆ ನನ್ನನ್ನು ಬದಿಗೆ ಕರೆದು, ಆ ಎಣ್ಣೆ ಒಂದು ಬಾಟಲಿ ಸಿಕ್ಕೀತೇ ಎಂದು ಕೇಳಿದರು.