ಅಪರೂಪದ ತಳಿಯ ಕೋಳಿಗೆ ಅಳತೆಗೆ ತಕ್ಕ ಮೊಟ್ಟೆಗೂಡು

ಅಪರೂಪದ ತಳಿಯ ಕೋಳಿ ಸಾಕುವವರಿಗೂ ಅಡುಗೆಮನೆಯ ಮೊಟ್ಟೆಗೆಂದು ನಾಲ್ಕಾರು ಹೇಂಟೆಗಳನ್ನು ಸಾಕಿಕೊಂಡವರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮೊದಲನೆಯವರು ಗೂಡಿನಲ್ಲಿ ಸಿಕ್ಕ ಪ್ರತಿ ಮೊಟ್ಟೆಯ ತಾಯಿ ಯಾವುದೆಂದು ಹೇಳಬಲ್ಲವರಾಗಿರಬೇಕು. ಮೊಟ್ಟೆ ಬಿರುಕು ಬಿಟ್ಟರೆ, ಹಿಕ್ಕೆ ಮೆತ್ತಿಕೊಂಡರೆ ಅಥವಾ ಯಾವ ಹೇಂಟೆಯದೆಂದು ತಿಳಿಯದೆ ಹೋದರೆ, ತಳಿಯ ಮಟ್ಟಿಗೆ ಅದು ಇಟ್ಟೂ ಇಡದಂತೆಯೇ. ಹಾಗಾಗಿ ಕೋಳಿಮನೆಯ ಲೆಕ್ಕಾಚಾರವನ್ನು ನಾನು ಮೊಟ್ಟೆಗೂಡಿನಿಂದಲೇ ಆರಂಭಿಸುತ್ತೇನೆ; ರಾತ್ರಿ ಕೂರುವ ಅಡ್ಡೆ, ಮೇವಿನ ತೊಟ್ಟಿ, ಬೇಲಿಗಳೆಲ್ಲ ಅನಂತರ ಬರುತ್ತವೆ.

ಗುಂಪು ಕಟ್ಟುವ ಲೆಕ್ಕ

ಮರಿ ಮಾಡಬಲ್ಲ ಹೇಂಟೆಗಳು 100 ಅಥವಾ ಅದಕ್ಕೂ ಕಡಿಮೆ, ಇಲ್ಲವೇ ಹುಂಜಗಳು 5 ಅಥವಾ ಅದಕ್ಕೂ ಕಡಿಮೆ ಉಳಿದಿರುವ ತಳಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವರ್ಗೀಕರಣವು ಅಳಿವಿನ ತೀರ ಅಂಚಿನಲ್ಲಿರುವುದೆಂದು ಪರಿಗಣಿಸುತ್ತದೆ. ಹೇಂಟೆಗಳು ಎಷ್ಟೇ ಇದ್ದರೂ ಹುಂಜಗಳ ಕೊರತೆಯೊಂದೇ ತಳಿಯನ್ನು ಈ ಪಟ್ಟಿಗೆ ತಳ್ಳಬಲ್ಲದೆಂಬುದನ್ನು ಗಮನಿಸಬೇಕು. ಇದರ ಹಿಂದಿನ ಗಣಿತ ಸರಳವಾಗಿದೆ. ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕು ಪಟ್ಟು ಮಾಡಿ, ಒಟ್ಟು ಕೋಳಿಗಳ ಸಂಖ್ಯೆಯಿಂದ ಭಾಗಿಸಿದರೆ ವಂಶಬಲದ ದೃಷ್ಟಿಯಿಂದ ನಮ್ಮ ಬಳಿ ನಿಜವಾಗಿ ಎಷ್ಟು ಕೋಳಿಗಳಿವೆ ಎಂಬುದು ಸಿಗುತ್ತದೆ. ಒಂದು ಹುಂಜ ಮತ್ತು 20 ಹೇಂಟೆಗಳ ಹಿಂಡು ಈ ಲೆಕ್ಕದಲ್ಲಿ ಬರೀ 3.8 ಕೋಳಿಗಳಿಗೆ ಸಮ. ನಾಲ್ಕು ಹುಂಜ ಮತ್ತು 16 ಹೇಂಟೆಗಳಿದ್ದರೆ ಅದೇ ಅಂಕಿ 12.8ಕ್ಕೆ ಏರುತ್ತದೆ. ಮೇವಿನ ಖರ್ಚು ಹೆಚ್ಚುಕಡಿಮೆ ಅಷ್ಟೇ, ಆದರೆ ಪ್ರತಿ ತಲೆಮಾರಿಗೆ ಹೆಚ್ಚುವ ಒಳಸಂಬಂಧದ ಪ್ರಮಾಣ ಶೇ 13ರಿಂದ ಶೇ 4ರ ಆಸುಪಾಸಿಗೆ ಇಳಿಯುತ್ತದೆ. ಹುಂಜಗಳು ಜಗಳವಾಡುತ್ತವೆ, ಬೆಳಗಿನ ಜಾವ ಕೂಗಿ ನಿದ್ದೆ ಕೆಡಿಸುತ್ತವೆ ಎಂಬುದು ನಿಜವಾದರೂ, ಜಾಗ ಉಳಿಸಬೇಕಾದಾಗ ಒಂದೆರಡು ಹೇಂಟೆಗಳನ್ನು ಕಡಿಮೆ ಮಾಡಿ ಹುಂಜಗಳನ್ನು ಉಳಿಸಿಕೊಳ್ಳುವುದೇ ಸರಿಯೆಂದು ನನ್ನ ಅಭಿಪ್ರಾಯ.

ಹಿಂಡನ್ನು ಮೂರು ಕುಟುಂಬಗಳಾಗಿ ವಿಂಗಡಿಸಿ, ಪ್ರತ್ಯೇಕ ಅಂಕಣಗಳಲ್ಲಿ ಇಡಬೇಕು. ಹುಟ್ಟಿದ ಹೆಣ್ಣುಮರಿಗಳು ತಾಯಿಯ ಅಂಕಣದಲ್ಲೇ ಉಳಿಯುತ್ತವೆ. ಗಂಡುಮರಿಗಳಲ್ಲಿ ಆಯ್ದವು ದೊಡ್ಡವಾದ ಮೇಲೆ ಮುಂದಿನ ಅಂಕಣಕ್ಕೆ ಹೋಗುತ್ತವೆ. ಒಂದನೆಯದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಮತ್ತೆ ಒಂದಕ್ಕೆ ಎಂಬ ಈ ಸುತ್ತು ತಪ್ಪದಿದ್ದರೆ ಅಣ್ಣತಂಗಿಯರ ಕೂಡಿಕೆ ತಾನಾಗಿಯೇ ತಪ್ಪುತ್ತದೆ. ಹುಂಜವನ್ನು ಬದಲಿಸಿದಾಗ ಒಂದು ಎಚ್ಚರಿಕೆ ಬೇಕು: ಹೇಂಟೆಯ ದೇಹದಲ್ಲಿ ಹಳೆಯ ಹುಂಜದ ವೀರ್ಯ ಎರಡು ಮೂರು ವಾರಗಳವರೆಗೆ ಜೀವಂತವಾಗಿರುವುದರಿಂದ, ಕನಿಷ್ಠ ನಾಲ್ಕು ವಾರ ಕಳೆಯುವವರೆಗೆ ಬಂದ ಮೊಟ್ಟೆಗಳನ್ನು ಮರಿ ಮಾಡಿಸಲು ಬಳಸಬಾರದು. ಹೊರಗಿನಿಂದ ತಂದ ಹೊಸ ಕೋಳಿಯನ್ನು 30 ದಿನ ಬೇರೆಯೇ ಇಟ್ಟು, ಕೆಮ್ಮು, ಮೂಗಿನ ಸೋರಿಕೆ, ಹೇನು, ಕಾಲಿನ ಹುರುಪೆಗಳನ್ನು ನೋಡಿ, ಲಸಿಕೆಯ ಬಗ್ಗೆ ಪಶುವೈದ್ಯರನ್ನು ಕೇಳಿದ ಮೇಲೆಯೇ ಒಳಗೆ ಬಿಡಬೇಕು. ಕೊಕ್ಕರೆ ರೋಗವೆಂಬ (ರಾಣಿಖೇತ್) ಕೋಳಿಗಳ ಸೋಂಕು ಒಮ್ಮೆ ನುಗ್ಗಿದರೆ ಮೂರು ಅಂಕಣಗಳ ಲೆಕ್ಕವೂ ಒಂದೇ ವಾರದಲ್ಲಿ ಮುಗಿದುಹೋಗಬಹುದು.

ಗೂಡಿನ ಅಳತೆ ತಳಿಯನ್ನು ನೋಡಿಕೊಂಡು

ಎಲ್ಲ ಕೋಳಿಗೂ ಒಂದಡಿ ಚೌಕದ ಪೆಟ್ಟಿಗೆ ಸಾಕೆಂಬ ಮಾತನ್ನು ನಂಬಿ ನಾನು ಮೊದಲ ಗೂಡನ್ನು ಮಾಡಿದ್ದೆ. ದಪ್ಪ ಮೈಯ ಹೇಂಟೆಗಳು ಅದರಲ್ಲಿ ತಿರುಗಲಾರದೆ, ಹೊರಗೆ ಬರುವಾಗ ಹಿಂದಕ್ಕೆ ಹೆಜ್ಜೆಯಿಟ್ಟು ತಮ್ಮ ಮೊಟ್ಟೆಯನ್ನೇ ತುಳಿದವು. ಒಡೆದ ಮೊಟ್ಟೆಯ ರುಚಿ ಹತ್ತಿದ ಒಂದು ಕೋಳಿ ಅದನ್ನು ತಿನ್ನಲು ಕಲಿಯಿತು. ಉಳಿದವು ನೋಡಿ ಕಲಿತವು.

ಮಧ್ಯಮ ಗಾತ್ರದ ತಳಿಗೆ ಒಳಗಿನ ಅಗಲ 30 ಸೆಂ.ಮೀ., ಆಳ 35 ಸೆಂ.ಮೀ. ಇದ್ದರೆ ಸರಿಹೋಗುತ್ತದೆ. ಬ್ರಹ್ಮ, ಕೊಚಿನ್‌ಗಳಂತಹ ಭಾರಿ ತಳಿಗಳಿಗೆ ಅಗಲ 35ರಿಂದ 40 ಸೆಂ.ಮೀ., ಆಳ 40 ಸೆಂ.ಮೀ. ಬೇಕು. ಬ್ಯಾಂಟಮ್ ಎಂಬ ಕುಳ್ಳ ಕೋಳಿಗಳಿಗೆ 25 ಸೆಂ.ಮೀ. ಚೌಕ ಸಾಕು; ಅವಕ್ಕೆ ದೊಡ್ಡ ಗೂಡು ಕೊಟ್ಟರೆ ಇಬ್ಬಿಬ್ಬರು ಒಟ್ಟಿಗೆ ನುಗ್ಗಿ ಮೊಟ್ಟೆಗಳು ಬೆರೆತುಹೋಗುತ್ತವೆ. ಎತ್ತರದ ವಿಷಯದಲ್ಲಂತೂ ತಳಿಯ ಸ್ವಭಾವವೇ ಮುಖ್ಯ. ಹಗುರ ಮೈಯ ಲೆಗ್‌ಹಾರ್ನ್ ನೆಲದಿಂದ 60 ಸೆಂ.ಮೀ. ಎತ್ತರದ ಗೂಡಿಗೆ ಸಲೀಸಾಗಿ ಹಾರುತ್ತದೆ. ರೇಷ್ಮೆಯಂತಹ ಪುಕ್ಕಗಳ ಸಿಲ್ಕಿ ಕೋಳಿಗೆ ಹಾರುವ ಶಕ್ತಿಯೇ ಇಲ್ಲವಾದ್ದರಿಂದ ಅದರ ಗೂಡು ನೆಲಕ್ಕೆ ತಾಗಿದಂತಿರಬೇಕು. ಗಿಡ್ಡ ಕಾಲಿನ, ಐದು ಬೆರಳಿನ ಡಾರ್ಕಿಂಗ್‌ಗೂ ಭಾರಿ ತಳಿಗಳಿಗೂ 20ರಿಂದ 30 ಸೆಂ.ಮೀ. ಎತ್ತರ ಮೀರದಿರುವುದು ಒಳ್ಳೆಯದು, ಏಕೆಂದರೆ ಭಾರವಾದ ಕೋಳಿ ಮತ್ತೆ ಮತ್ತೆ ಎತ್ತರದಿಂದ ಧುಮುಕಿದರೆ ಅಂಗಾಲಿಗೆ ಪೆಟ್ಟಾಗಿ ಕೀವುಗಂಟು ಕಟ್ಟುತ್ತದೆ. ತಲೆಯ ತುಂಬ ಜುಟ್ಟುಗರಿ ಇರುವ ಪೋಲಿಷ್‌ನಂತಹ ಕೋಳಿಗಳಿಗೆ ಮೇಲಿನದೂ ಪಕ್ಕದ್ದೂ ಸರಿಯಾಗಿ ಕಾಣುವುದಿಲ್ಲ. ಅವುಗಳ ಗೂಡಿನ ಬಾಯಿ ಅಗಲವಾಗಿರಲಿ.

ಯಾವ ತಳಿಯಾದರೂ ರಾತ್ರಿ ಕೂರುವ ಅಡ್ಡೆ ಮೊಟ್ಟೆಗೂಡಿಗಿಂತ ಎತ್ತರದಲ್ಲಿರಬೇಕು. ಕೋಳಿ ಸಿಕ್ಕ ಜಾಗಗಳಲ್ಲೆಲ್ಲ ಅತಿ ಎತ್ತರದ್ದನ್ನೇ ಮಲಗಲು ಆರಿಸಿಕೊಳ್ಳುತ್ತದೆ. ಅದು ಮೊಟ್ಟೆಗೂಡೇ ಆಗಿಬಿಟ್ಟರೆ ಪ್ರತಿ ಬೆಳಗ್ಗೆ ಹಿಕ್ಕೆಯ ರಾಶಿಯಲ್ಲಿ ಮೊಟ್ಟೆ ಹುಡುಕಬೇಕಾಗುತ್ತದೆ.

ಕೊಯ್ದು ಜೋಡಿಸುವ ಬಗೆ

ಇಲ್ಲಿ ಹೇಳುವುದು ಮಧ್ಯಮ ತಳಿಗೆ ಹೊಂದುವ ಮೂರು ಅಂಕಣದ ಗೂಡು; ಗೂಡಿನ ಮಟ್ಟಿಗೆ ಅಂಕಣವೆಂದರೆ ಅದರ ಒಂದು ಖಾನೆ. ನಾಲ್ಕೈದು ಹೇಂಟೆಗೆ ಒಂದು ಅಂಕಣದ ಲೆಕ್ಕದಲ್ಲಿ ಇದು ಹನ್ನೆರಡರಿಂದ ಹದಿನೈದು ಕೋಳಿಗೆ ಸಾಕಾಗುತ್ತದೆ. 12 ಮಿ.ಮೀ. ದಪ್ಪದ, 244 ಸೆಂ.ಮೀ. ಉದ್ದ ಮತ್ತು 122 ಸೆಂ.ಮೀ. ಅಗಲದ ಒಂದೇ ಪ್ಲೈವುಡ್ ಹಲಗೆಯಲ್ಲಿ ಇಡೀ ಗೂಡು ಮುಗಿಯುತ್ತದೆ. ಹಲಗೆಯ ಉದ್ದಕ್ಕೆ ಒಂದರ ಹಿಂದೆ ಒಂದರಂತೆ 71.2, 53, 35, 12, 35 ಮತ್ತು 35 ಸೆಂ.ಮೀ. ಅಂತರದಲ್ಲಿ ಅಡ್ಡಲಾಗಿ ಕೊಯ್ದುಕೊಳ್ಳಬೇಕು. ಗರಗಸದ ಬಾಯಿಗೆ ಹೋಗುವ ಪುಡಿಯ ಲೆಕ್ಕ ಸೇರಿಸಿದರೂ ಒಂದು ಸೆಂ.ಮೀ.ಗಿಂತ ಹೆಚ್ಚು ಉಳಿಯುತ್ತದೆ. ಮೊದಲ ನಾಲ್ಕು ತುಂಡುಗಳ ಅಗಲವನ್ನು 94.8 ಸೆಂ.ಮೀ.ಗೆ ಇಳಿಸಿದರೆ ಕ್ರಮವಾಗಿ ಹಿಂಬದಿ, ಚಾವಣಿ, ತಳ ಮತ್ತು ಮುಂದಿನ ತಡೆಪಟ್ಟಿ ಸಿದ್ಧವಾದಂತೆ.

ಕೊನೆಯ ಎರಡು ತುಂಡುಗಳನ್ನು 105 ಸೆಂ.ಮೀ. ಉದ್ದಕ್ಕೆ ಕತ್ತರಿಸಬೇಕು. ಅವುಗಳಿಂದ ನಾಲ್ಕು ನಿಲುವು ಗೋಡೆಗಳು ಬರುತ್ತವೆ. ತುಂಡಿನ ಒಂದು ಉದ್ದ ಅಂಚಿನಲ್ಲಿ ಎಡತುದಿಯಿಂದ 35 ಸೆಂ.ಮೀ.ಗೂ ಎದುರಿನ ಅಂಚಿನಲ್ಲಿ ಅದೇ ತುದಿಯಿಂದ 70 ಸೆಂ.ಮೀ.ಗೂ ಗುರುತು ಹಾಕಿ, ಎರಡನ್ನೂ ಸೇರಿಸುವ ಓರೆಗೆರೆಯ ಮೇಲೆ ಕೊಯ್ದರೆ, ಮುಂದೆ 35 ಮತ್ತು ಹಿಂದೆ 70 ಸೆಂ.ಮೀ. ಎತ್ತರವಿರುವ ಒಂದೇ ಅಳತೆಯ ಎರಡು ಗೋಡೆಗಳು ಸಿಗುತ್ತವೆ, ಚೂರೂ ವ್ಯರ್ಥವಾಗುವುದಿಲ್ಲ. ಆ ಓರೆ ಸರಿಯಾಗಿ 45 ಡಿಗ್ರಿಯದು. ಚಾವಣಿ ಅಷ್ಟು ಕಡಿದಾಗಿದ್ದರೆ ಕೋಳಿ ಅದರ ಮೇಲೆ ಕೂರಲಾರದೆ ಜಾರುತ್ತದೆ, ಹಿಕ್ಕೆ ನಿಲ್ಲುವುದಿಲ್ಲ. ಚಪ್ಪಟೆ ಚಾವಣಿಯ ಗೂಡನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ತಳದ ಹಲಗೆಯ ಮೇಲೆ ನಾಲ್ಕು ಗೋಡೆಗಳನ್ನು 30 ಸೆಂ.ಮೀ. ಬಿಟ್ಟು ಬಿಟ್ಟು ನಿಲ್ಲಿಸಿ, ಕೆಳಗಿನಿಂದ ಸ್ಕ್ರೂ ಬಿಗಿಯಬೇಕು. ಹಿಂಬದಿಯ ಹಲಗೆಯನ್ನು ಕೂರಿಸುವ ಮುನ್ನ ಅದರ ಮೇಲ್ಭಾಗದಲ್ಲಿ ಪ್ರತಿ ಅಂಕಣಕ್ಕೆ ಮೂರು ನಾಲ್ಕು ಗಾಳಿತೂತುಗಳನ್ನು ಕೊರೆಯುವುದು ಮರೆಯಬಾರದು. ಮುಂದಿನ ತಡೆಪಟ್ಟಿ ಹಾಸು ಚೆಲ್ಲದಂತೆಯೂ ಮೊಟ್ಟೆ ಉರುಳಿ ಬೀಳದಂತೆಯೂ ತಡೆಯುತ್ತದೆ. ಅದನ್ನು ಮೊಳೆ ಹೊಡೆದು ಕೂರಿಸಬೇಡಿ. ಎರಡು ಸ್ಕ್ರೂಗಳಲ್ಲಿ ನಿಲ್ಲಿಸಿದರೆ ಗೂಡು ಗುಡಿಸುವಾಗ ಬಿಚ್ಚಿ ತೆಗೆಯಬಹುದು. ಇದೇ ಕಾರಣಕ್ಕೆ ಚಾವಣಿಯನ್ನೂ ಹಿಂಬದಿಯ ಮೇಲಂಚಿಗೆ ಕೀಲು ಹಾಕಿ ಎತ್ತುವಂತೆ ಮಾಡಿಕೊಳ್ಳುವುದು ಲೇಸು. ಗೂಡು ನೆಲದಿಂದ ಮೇಲಿದ್ದರೆ ತಡೆಪಟ್ಟಿಯಿಂದ 15 ಸೆಂ.ಮೀ. ಮುಂದೆ ಒಂದು ರೀಪನ್ನು ಉದ್ದಕ್ಕೆ ಕಟ್ಟಿದರೆ ಕೋಳಿ ಮೊದಲು ಅದರ ಮೇಲೆ ಇಳಿದು, ಒಳಗೆ ಇಣುಕಿ ನೋಡಿ, ನಿಧಾನವಾಗಿ ಹೋಗುತ್ತದೆ. ಗೂಡೇ 20 ಕಿಲೋ ಹತ್ತಿರ ತೂಗುವುದರಿಂದ, ಕೋಳಿಗಳ ಭಾರವನ್ನೂ ಸೇರಿಸಿಕೊಂಡು, ಗೋಡೆಗೆ ತೂಗುಹಾಕುವ ಬದಲು ಕಾಲುಗಳ ಮೇಲೆ ನಿಲ್ಲಿಸುವುದು ಕ್ಷೇಮ.

ಪ್ಲೈವುಡ್ ಕೊಯ್ಯುವ ಅನುಕೂಲವಿಲ್ಲದವರು 20 ಲೀಟರಿನ ಪ್ಲಾಸ್ಟಿಕ್ ಬಕೆಟನ್ನು ಅಡ್ಡ ಮಲಗಿಸಿ, ಉರುಳದಂತೆ ಎರಡು ರೀಪುಗಳ ನಡುವೆ ಕೂರಿಸಿ, ಬಾಯಿಯ ಕೆಳಗಿನ ಮೂರನೆಯ ಒಂದು ಭಾಗಕ್ಕೆ ಹಲಗೆ ಕಟ್ಟಿ ಬಳಸಬಹುದು. ತೊಳೆಯಲು ಅದಕ್ಕಿಂತ ಸುಲಭವಾದದ್ದು ಬೇರಿಲ್ಲ.

ತಾಯಿಯನ್ನು ಗುರುತಿಸುವ ಬಾಗಿಲು

ಸಾಮಾನ್ಯ ಗೂಡನ್ನು ವಂಶಾವಳಿಯ ಗೂಡಾಗಿ ಮಾಡುವುದು ತಾನಾಗಿ ಮುಚ್ಚಿಕೊಳ್ಳುವ ಒಂದು ಹಗುರ ಬಾಗಿಲು. ಇದನ್ನು ಅಳವಡಿಸುವ ಇರಾದೆಯಿದ್ದರೆ ಆಳವನ್ನು ಆರಂಭದಲ್ಲೇ 45 ಸೆಂ.ಮೀ.ಗೆ ಹೆಚ್ಚಿಸಬೇಕು, ಇಲ್ಲವಾದರೆ ಬಾಗಿಲು ಕೋಳಿಯ ಬಾಲದ ಮೇಲೆ ಬೀಳುತ್ತದೆ. ಆಗ ಒಂದೇ ಹಲಗೆಯ ಲೆಕ್ಕ ಸಾಲುವುದಿಲ್ಲ. ಅಂಕಣದ ಬಾಯಿಯ ಮೇಲಂಚಿನಲ್ಲಿ ಒಂದು ರೀಪು ಕೂರಿಸಿ, ಅದಕ್ಕೆ ಎರಡು ಸಣ್ಣ ಕೀಲುಗಳಲ್ಲಿ 6 ಮಿ.ಮೀ. ಪ್ಲೈವುಡ್ಡಿನ ಬಾಗಿಲನ್ನು ಒಳಮುಖವಾಗಿ ತೆರೆಯುವಂತೆ ತೂಗುಬಿಡಬೇಕು. ಬಾಗಿಲಿನ ಕೆಳಅಂಚು ತಡೆಪಟ್ಟಿಯ ಒಳಮಗ್ಗುಲಿಗೆ ಎರಡು ಸೆಂ.ಮೀ.ನಷ್ಟು ತಾಗಿ ನಿಲ್ಲಬೇಕು. ಕೋಳಿ ಒಳಗಿನಿಂದ ತಳ್ಳಿದಷ್ಟೂ ಅದು ಬಿಗಿಯಾಗುತ್ತದೆ. ಬಾಗಿಲನ್ನು ಒಳಕ್ಕೆ ಎತ್ತಿ, ಒಂದು ಸಣ್ಣ ಕಡ್ಡಿಯ ಆಸರೆ ಕೊಟ್ಟು ನಿಲ್ಲಿಸಿದರೆ, ಒಳಗೆ ನುಸುಳುವ ಕೋಳಿಯ ಬೆನ್ನು ತಾಗಿ ಬಾಗಿಲು ತುಸು ಮೇಲೇಳುತ್ತದೆ, ಕಡ್ಡಿ ಕೆಳಗೆ ಬೀಳುತ್ತದೆ, ಕೋಳಿ ಮುಂದೆ ಸರಿದೊಡನೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಬಾಗಿಲಿನಲ್ಲೂ ಗಾಳಿತೂತುಗಳಿರಲಿ.

ಈ ಬಾಗಿಲು ಮನುಷ್ಯನ ಸಮಯವನ್ನು ತಿನ್ನುತ್ತದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಒಳಗೆ ಸಿಕ್ಕಿಕೊಂಡ ಕೋಳಿಗೆ ನೀರಿಲ್ಲ, ಗಾಳಿಯೂ ಕಡಿಮೆ. ಅರ್ಧ ಗಂಟೆಗೊಮ್ಮೆ, ತಡವಾದರೆ ಒಂದು ಗಂಟೆಗೊಮ್ಮೆ ಹೋಗಿ ನೋಡಲೇಬೇಕು. ಸೆಕೆಯ ದಿನಗಳಲ್ಲಿ ಅದೂ ಸಾಲದು. ಹೇಂಟೆಗಳು ಹೆಚ್ಚಾಗಿ ಮಧ್ಯಾಹ್ನದೊಳಗೆ ಮೊಟ್ಟೆ ಇಡುತ್ತವಾದರೂ, ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕಾಗುವುದರಿಂದ ದಿನದಿಂದ ದಿನಕ್ಕೆ ಹೊತ್ತು ಮುಂದೆ ಸರಿಯುತ್ತದೆ. ಹೀಗಾಗಿ ವರ್ಷವಿಡೀ ಬಾಗಿಲು ಕಟ್ಟುವ ಬದಲು, ಮರಿಗೆಂದು ಮೊಟ್ಟೆ ಸಂಗ್ರಹಿಸುವ ಕೆಲವು ವಾರಗಳಲ್ಲಿ ಮಾತ್ರ ಬಳಸುವುದು ನನಗೆ ಸಾಧ್ಯವೆನಿಸಿದ ಮಾರ್ಗ. ಗೂಡುಗಳು ತುಂಬಿರುವ ಹೊತ್ತು ಹೆಚ್ಚುವ ಕಾರಣ ಆ ವಾರಗಳಲ್ಲಿ ಮೂರು ಹೇಂಟೆಗೆ ಒಂದು ಅಂಕಣ ಬೇಕು. ಹಿಡಿದ ಕೋಳಿಯ ಕಾಲುಂಗುರದ ಸಂಖ್ಯೆಯನ್ನೂ ತಾರೀಖನ್ನೂ ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ಬರೆದು, ಕೋಳಿಯನ್ನು ಬಿಟ್ಟು, ಕಡ್ಡಿಯನ್ನು ಮತ್ತೆ ಏರಿಸಿಡುವುದು.

ಹಾಸು, ನುಸಿ, ಅಭ್ಯಾಸ

ಮರ ಕೀಸುವಾಗ ಬೀಳುವ ಸಿಪ್ಪೆ ಅಥವಾ ಒಣಹುಲ್ಲಿನ ತುಂಡುಗಳನ್ನು ಏಳೆಂಟು ಸೆಂ.ಮೀ. ದಪ್ಪಕ್ಕೆ ಹಾಸಬೇಕು. ಬೂಷ್ಟು ಹಿಡಿದ ಹುಲ್ಲು ಬೇಡವೇ ಬೇಡ. ಅದರ ಶಿಲೀಂಧ್ರ ಕೋಳಿಯ ಶ್ವಾಸಕೋಶವನ್ನು ಹೊಕ್ಕುತ್ತದೆ. ಕಾಲಿನ ತುಂಬ ಗರಿಯಿರುವ ತಳಿಗಳು ಅಂಗಳದ ಕೆಸರನ್ನು ಗೂಡಿಗೆ ಹೊತ್ತು ತರುವುದರಿಂದ ಅವುಗಳ ಹಾಸನ್ನು ಉಳಿದವುಗಳಿಗಿಂತ ಬೇಗ ಬದಲಿಸಬೇಕಾಗುತ್ತದೆ.

ಮರದ ಗೂಡಿನ ದೊಡ್ಡ ಶತ್ರು ಕೆಂಪು ನುಸಿ. ಅದು ಹಗಲೆಲ್ಲ ಹಲಗೆಗಳ ಸಂದಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಬೆಚ್ಚಗಿನ ಕಾಲದಲ್ಲಿ ಒಂದು ವಾರದೊಳಗೆ ಹೊಸ ತಲೆಮಾರು ಸಿದ್ಧವಾಗುತ್ತದೆ, ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಗೂಡು ಜೋಡಿಸುವಾಗಲೇ ಎಲ್ಲ ಸಂದುಗಳನ್ನು ಲಪ್ಪದಿಂದ ಮುಚ್ಚಿ, ಒಳಗೂ ಹೊರಗೂ ಬಣ್ಣ ಬಳಿದು, ವಾಸನೆ ಪೂರ್ತಿ ಹೋದ ಮೇಲೆ ಬಳಸಬೇಕು. ರಾತ್ರಿ ಟಾರ್ಚ್ ಹಿಡಿದು ಗೂಡಿನ ಮೂಲೆಗಳನ್ನೂ ಅಡ್ಡೆಯ ತುದಿಗಳನ್ನೂ ಬಿಳಿ ಕಾಗದದಿಂದ ಒರೆಸಿ ನೋಡಿ. ಕೆಂಪು ಗೀರು ಮೂಡಿದರೆ ನುಸಿ ಬಂದಿದೆಯೆಂದೇ ಅರ್ಥ.

ಗೂಡನ್ನು ಕೋಳಿಮನೆಯ ಮಬ್ಬು ಬೆಳಕಿನ ಮೂಲೆಯಲ್ಲಿಟ್ಟು, ಎಳೆಯ ಹೇಂಟೆಗಳು ಮೊದಲ ಮೊಟ್ಟೆ ಇಡುವುದಕ್ಕೆ ಎರಡು ಮೂರು ವಾರ ಮೊದಲೇ ಒಳಗೊಂದು ಮರದ ಮೊಟ್ಟೆ ಇಟ್ಟರೆ ಅವು ಜಾಗವನ್ನು ಗುರುತಿಸಿಕೊಳ್ಳುತ್ತವೆ.

ಗೂಡಿನಿಂದ ಕಾವಿಗೆ

ಮರಿಗೆಂದು ಆಯ್ದ ಮೊಟ್ಟೆಯನ್ನು ತೊಳೆಯಬಾರದು. ಚಿಪ್ಪಿನ ಮೇಲಿರುವ ತೆಳುಪೊರೆ ಹೋದರೆ ಸೂಕ್ಷ್ಮಾಣುಗಳಿಗೆ ದಾರಿಯಾಗುತ್ತದೆ. ಚೂಪು ತುದಿ ಕೆಳಗಾಗಿ, 13ರಿಂದ 16 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ದಿನಕ್ಕೊಮ್ಮೆ ಓರೆ ಬದಲಿಸುತ್ತ ಇಡಬೇಕು. ಏಳು ದಿನ ದಾಟಿದ ಮೇಲೆ ಮರಿಯಾಗುವ ಸಾಧ್ಯತೆ ಕುಗ್ಗುತ್ತ ಹೋಗುತ್ತದೆ. ಸಿಲ್ಕಿಯಂತಹ ಕೋಳಿ ತಾನೇ ಕಾವಿಗೆ ಕೂತರೆ ಅದನ್ನು ಸಾಮಾನ್ಯ ಗೂಡಿನಲ್ಲಿ ಬಿಡದೆ, ರಾತ್ರಿ ಎತ್ತಿ ಬೇರೆ ಅಂಕಣಕ್ಕೆ ಸಾಗಿಸಬೇಕು, ಇಲ್ಲವಾದರೆ ಉಳಿದ ಹೇಂಟೆಗಳು ದಿನವೂ ಅದರ ಅಡಿಯಲ್ಲಿ ಹೊಸ ಮೊಟ್ಟೆ ಸೇರಿಸುತ್ತವೆ.

ಕಾವು 21 ದಿನಗಳದು. ಯಂತ್ರದಲ್ಲಿ ಇಟ್ಟವರು 18ನೆಯ ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸುವಾಗ, ಒಂದೊಂದು ತಾಯಿಯ ಮೊಟ್ಟೆಗಳನ್ನು ಒಂದೊಂದು ತಂತಿಬುಟ್ಟಿಯಲ್ಲಿ ಮುಚ್ಚಿಡಬೇಕು. ಚಿಪ್ಪು ಒಡೆದ ಮೇಲೆ ಪೆನ್ಸಿಲಿನ ಗುರುತಿಗೆ ಬೆಲೆಯಿಲ್ಲ. ಮರಿ ಒಣಗಿದೊಡನೆ ಎರಡೂ ಕಾಲುಗಳ ಬೆರಳುಗಳ ನಡುವಿನ ನಾಲ್ಕು ಪೊರೆಗಳಲ್ಲಿ ಬೇಕಾದ ಕಡೆ ಸಣ್ಣ ತೂತು ಹಾಕುವ ಉಪಕರಣದಿಂದ ಗುರುತು ಮಾಡಿದರೆ ಹದಿನಾರು ಬಗೆಯ ಗುರುತುಗಳು ಸಿಗುತ್ತವೆ, ಅಂದರೆ ಹದಿನಾರು ತಾಯಂದಿರ ಮರಿಗಳನ್ನು ಒಂದೇ ಗುಂಪಿನಲ್ಲಿ ಬೆಳೆಸಬಹುದು. ಯಾವ ತೂತು ಯಾವ ಕಾಲುಂಗುರದ ಸಂಖ್ಯೆಗೆ ಎಂಬುದನ್ನು ಅಂದೇ ಪುಸ್ತಕದಲ್ಲಿ ಬರೆದಿಡಬೇಕು. ಮರಿಗಳಿಗೆ ಉಂಗುರ ತೊಡಿಸುವಷ್ಟು ಕಾಲು ಬಲಿಯುವ ಹೊತ್ತಿಗೆ ಎಂತಹ ನೆನಪೂ ಕೈಕೊಟ್ಟಿರುತ್ತದೆ.