ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ತಗೊಳೋಕ್ ಮುಂಚೆ ಚೆಕಿಂಗ್ ಮಾಡ್ಸೋದು ಹೇಗೆ (ಮೈಸೂರು, ಮಂಡ್ಯ ಕಡೆಯವ್ರಿಗೆ)

ನಮ್ ತಂದೆ ಚುಂಚನಕಟ್ಟೆ ಜಾತ್ರೇಲಿ ಎತ್ತು ತಗೊಳೋಕೆ ಯಾವತ್ತೂ ಒಬ್ರೇ ಹೋದವ್ರಲ್ಲ, ದನದ ವಿಷ್ಯ ಗೊತ್ತಿರೋ ಹಿರಿಯರೊಬ್ರನ್ನ ಜೊತೇಲಿ ಕರ್ಕೊಂಡ್ ಹೋಗೋರು, ಅವ್ರು ಹಲ್ಲು ನೋಡೋರು, ಸುಳಿ ನೋಡೋರು, ನಾಲ್ಕು ಹೆಜ್ಜೆ ನಡೆಸೋರು, ಅದೆಲ್ಲ ಆದ್ಮೇಲೇನೇ ಟವಲ್ ಕೆಳಗೆ ಕೈ ಹಿಡಿದು ರೇಟ್ ಮಾತು. ಈಗ ನಮ್ ಹುಡುಗ್ರು ನಲವತ್ತು ಲಕ್ಷದ ಕಾರನ್ನ ಮೊಬೈಲಲ್ಲಿ ಹತ್ತು ಫೋಟೋ ನೋಡಿ ಅಡ್ವಾನ್ಸ್ ಹಾಕ್ಬಿಡ್ತಾರೆ, ನೀರಲ್ಲಿರೋ ಎಮ್ಮೆಗೆ ವ್ಯಾಪಾರ ಮಾಡ್ದಂಗೆ.

ನನ್ ಭಾವಮೈದ ಹಂಗೇ ಮಾಡಿ ಒಂದ್ ಲಕ್ಷ ಕಳ್ಕೊಂಡ. ಬೆಂಗಳೂರಲ್ಲಿ ಒಬ್ರತ್ರ ಕಾರ್ ಬುಕ್ ಮಾಡ್ದ, ಆಮೇಲೆ ಹೋಗಿ ನೋಡಿದ್ರೆ ಹಿಂದಿನ ಭಾಗ ಪೂರ್ತಿ ಟಿಂಕರಿಂಗ್ ಆಗಿತ್ತು, ಬೇಡ ಅಂದಿದ್ಕೆ "ಅಡ್ವಾನ್ಸ್ ವಾಪಸ್ ಬರಲ್ಲ ಅಂತ ಮೊದ್ಲೇ ಹೇಳಿದ್ವಲ್ಲ ಸಾರ್" ಅಂದ್ರು, ಬರವಣಿಗೇಲಿ ಏನೂ ಇರ್ಲಿಲ್ಲ, ಮುಗೀತು. ಎರಡನೇ ಸಲ ಟಾಪ್ ಮಡಚಿ ತೆಗೆಯೋ ಎರಡು ಸೀಟಿನ 2014ರ ಪೋರ್ಷೆ ಬಾಕ್ಸ್‌ಸ್ಟರ್ ನೋಡ್ದಾಗ ನಾನೇ ಜೊತೇಲಿ ನಿಂತು ಎಲ್ಲಾ ಏರ್ಪಾಡು ಮಾಡ್ದೆ, ಆ ಅನುಭವದ ಮೇಲೇ ಇದನ್ನ ಬರೀತಿರೋದು. ದುಡ್ಡು ಕೊಡೋ ಮುಂಚೆ, ನಿಮ್ ಖರ್ಚಲ್ಲಿ, ನಿಮ್ ಕಡೆ ಮನುಷ್ಯನಿಂದ ಚೆಕಿಂಗ್ ಆಗ್ಬೇಕು, ಮಾರೋರು "ನಮ್ ಮೆಕ್ಯಾನಿಕ್ ಆಗ್ಲೇ ನೋಡಿದ್ದಾರೆ, ರಿಪೋರ್ಟ್ ಇದೆ" ಅಂದ್ರೆ ಅದು ಅವ್ರಿಗೆ, ನಿಮಗಲ್ಲ.

ಮೊದ್ಲು ಮನೇಲಿ ಕೂತೇ ಅರ್ಧ ಕೆಲ್ಸ ಆಗುತ್ತೆ. ರಿಜಿಸ್ಟ್ರೇಶನ್ ನಂಬರ್ ಇಸ್ಕೊಂಡು ಸರ್ಕಾರದ ಎಂಪರಿವಾಹನ್ ಆಪಲ್ಲಿ ಹಾಕಿ, ಎಷ್ಟನೇ ಓನರ್, ಇನ್ಶೂರೆನ್ಸ್ ಇದೆಯಾ, ಲೋನ್ ಇನ್ನೂ ಇದೆಯಾ ಅಂತ ನೋಡಿ, ಲೋನ್ ತೀರಿದ್ರೂ ಆರ್‌ಸೀಲಿ ಬ್ಯಾಂಕ್ ಹೆಸ್ರು ಹಾಗೇ ಇದ್ರೆ ಫಾರಂ 35 ಮತ್ತೆ ಬ್ಯಾಂಕ್ ಎನ್‌ಓಸಿ ಅವ್ರೇ ತಂದ್ಕೊಡ್ಬೇಕು. 17 ಅಕ್ಷರದ ಚಾಸಿಸ್ ನಂಬರಿನ ಫೋಟೋ ಕೇಳಿ, ಪೋರ್ಷೇಲಿ ಅದ್ರ ಹತ್ತನೇ ಅಕ್ಷರ ಮಾಡೆಲ್ ವರ್ಷ ಹೇಳುತ್ತೆ, ಡಿ ಅಂದ್ರೆ 2013, ಇ ಅಂದ್ರೆ 2014, ಎಫ್ ಅಂದ್ರೆ 2015. ಆಮೇಲೆ ಈಗಿರೋ ಇನ್ಶೂರೆನ್ಸ್ ಪಾಲಿಸಿ ಕಾಪಿ ತರಿಸ್ಕೊಳಿ, ಅದ್ರಲ್ಲಿ ನೋ ಕ್ಲೈಮ್ ಬೋನಸ್ 50 ಪರ್ಸೆಂಟ್ ಇದ್ರೆ ಐದು ವರ್ಷ ಕ್ಲೈಮ್ ಇಲ್ಲ ಅಂತ ಅರ್ಥ, ಸೊನ್ನೆ ಇದ್ರೆ ಹೋದ್ ವರ್ಷ ಏನಾಯ್ತು ಅಂತ ನೇರವಾಗಿ ಕೇಳಿ. ಬೋನಸ್ಸನ್ನ ಓನರ್ ಬೇರೆ ಕಾರಿಂದ ತಂದು ಸೇರಿಸ್ಕೊಂಡಿರಬಹುದು, ಅದಕ್ಕೇ ಷೋರೂಮ್ ಸರ್ವಿಸ್ ಹಿಸ್ಟರಿ ಜೊತೆ ತಾಳೆ ಹಾಕ್ಬೇಕು.

ಇನ್ನು ಯಾರ ಕೈಲಿ ಚೆಕ್ ಮಾಡ್ಸೋದು. ಮೈಸೂರಲ್ಲಿ ಪೋರ್ಷೆ ಷೋರೂಮ್ ಇಲ್ಲ, ಬೆಂಗಳೂರಲ್ಲಿದೆ, ಹಾಗಾಗಿ ಇಂಜಿನ್ ಮತ್ತೆ ಸ್ಕ್ಯಾನಿಂಗ್ ಅಲ್ಲೇ, ಇಲ್ಲಾಂದ್ರೆ ಅದೇ ಬ್ರ್ಯಾಂಡ್ ಕೆಲ್ಸ ದಿನಾ ಮಾಡೋ ಬೇರೆ ಗ್ಯಾರೇಜಲ್ಲಿ ಮಾಡ್ಸಿ, ಆದ್ರೆ ಆ ಗ್ಯಾರೇಜು ಮಾರೋರಿಗೆ ಪರಿಚಯ ಇರಬಾರ್ದು. ಬಾಡಿ ನೋಡೋಕೆ ಮಾತ್ರ ನಿಮಗೆ ಗೊತ್ತಿರೋ ಟಿಂಕರಿಂಗ್ ಕೆಲಸದವ್ರನ್ನ ಇಲ್ಲಿಂದಾನೇ ಕರ್ಕೊಂಡ್ ಹೋಗಿ, ಇದು ನನ್ ಗಟ್ಟಿ ಅಭಿಪ್ರಾಯ, ನಾವು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲ್ಸ ಮಾಡೋ ಒಬ್ಬ ಅಣ್ಣನ್ನ ಕರ್ಕೊಂಡ್ ಹೋಗಿದ್ವಿ, ಇಪ್ಪತ್ತೈದು ವರ್ಷ ಪುಟ್ಟಿ ಉಜ್ಜಿದ ಕೈ, ಅವ್ರ ಬೆರಳಿಗೆ ಸಿಕ್ಕಿದ್ದು ಎಷ್ಟೋ ಆಪಿಗೆ ಸಿಗಲ್ಲ. ಗ್ಯಾರೇಜಿಗೆ ಫೋನ್ ಮಾಡ್ದಾಗ ಮೂರು ವಿಷ್ಯ ಮೊದ್ಲೇ ಮಾತಾಡ್ಕೊಳಿ, ಚಾರ್ಜ್ ಎಷ್ಟು, ಲಿಫ್ಟ್ ಮೇಲೆ ಎಷ್ಟೊತ್ತು ಇಡ್ತಾರೆ, ಸ್ಕ್ಯಾನ್ ಪ್ರಿಂಟ್ ಮತ್ತೆ ಫೋಟೋ ಕೊಡ್ತಾರಾ. ಸುಮ್ನೆ ಬಾಯಲ್ಲಿ "ಚೆನ್ನಾಗಿದೆ ಸಾರ್" ಅನ್ನೋರು ಬೇಡ.

ಮಾರೋರ ಹತ್ರ ಹೀಗೆ ಹೇಳಿ: "ಕಾರ್ ಇಷ್ಟ ಆಗಿದೆ, ಚೆಕಿಂಗ್ ಖರ್ಚು ನಮ್ದು, ಬೆಳಿಗ್ಗೆ ಬರ್ತೀವಿ, ನಾವು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ." ಒಳ್ಳೆ ಕಾರಿರೋರು ಇದಕ್ಕೆ ಹೂಂ ಅಂತಾರೆ. ಲಿಫ್ಟಿಗೆ ಹಾಕೋದು ಬೇಡ, ಬೇರೆ ಪಾರ್ಟಿ ಸಂಜೆ ಬರ್ತಿದೆ, ಇವತ್ತೇ ಟೋಕನ್ ಹಾಕಿ ಅಂದ್ರೆ ಅಲ್ಲೇ ಬಿಟ್ಬಿಡಿ. ಟೋಕನ್ ಕೊಡಲೇಬೇಕು ಅನ್ನೋ ಹಾಗಿದ್ರೆ "ಚೆಕಿಂಗಲ್ಲಿ ದೋಷ ಕಂಡ್ರೆ ಪೂರ್ತಿ ವಾಪಸ್" ಅಂತ ವಾಟ್ಸಾಪಲ್ಲಾದ್ರೂ ಅವ್ರ ಕೈಲೇ ಬರೆಸ್ಕೊಂಡು ಆಮೇಲೆ ಕಳ್ಸಿ.

ತಣ್ಣಗಿರೋ ಇಂಜಿನ್ ಯಾಕೆ ಅಂದ್ರೆ, ಹೊಗೆ, ಟಕ್ ಟಕ್ ಸದ್ದು, ಸ್ಟಾರ್ಟ್ ಆಗೋಕೆ ಒದ್ದಾಡೋದು ಎಲ್ಲಾ ಮೊದಲ ಒಂದ್ ನಿಮಿಷದಲ್ಲೇ ಗೊತ್ತಾಗೋದು, ಬಿಸಿ ಆದ್ಮೇಲೆ ಮುಚ್ಚೋಗುತ್ತೆ. ಬಾಕ್ಸ್‌ಸ್ಟರಲ್ಲಿ ಇಂಜಿನ್ ಸೀಟಿನ ಹಿಂದೆ ಇರೋದ್ರಿಂದ ಮುಂದಿನ ಬಾನೆಟ್ ಮುಟ್ಟಿ ನೋಡಿ ಪ್ರಯೋಜನ ಇಲ್ಲ. ನಾವು ಹೋದ ದಿನ ಓನರ್ "ಸ್ಟಾರ್ಟೇ ಮಾಡಿಲ್ಲ" ಅಂದ್ರು, ನಮ್ ಟಿಂಕರಿಂಗ್ ಅಣ್ಣ ಬಗ್ಗಿ ಸೈಲೆನ್ಸರ್ ತುದೀಗೆ ಬೆರಳಿಟ್ರು, ಬೆಚ್ಚಗಿತ್ತು. ಬೇಸ್‌ಮೆಂಟಿಂದ ಮೇಲೆ ತಂದಿದ್ದೆ ಅಷ್ಟೇ ಅಂದ್ರು, ಇರಬಹುದು, ನಾವು ಜಗಳ ಆಡ್ಲಿಲ್ಲ, ಮಾರನೇ ದಿನ ಮತ್ತೆ ಹೋದ್ವಿ, ಆವತ್ತು ಸ್ಕ್ಯಾನರ್ ಹಾಕಿ ಕೂಲೆಂಟ್ ಟೆಂಪರೇಚರ್ ನೋಡಿದ್ವಿ, ಹೊರಗಿನ ಹವೆಗೂ ಅದಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಅಷ್ಟೇ, ಆಗ ನಂಬಿದ್ವಿ.

ಬಣ್ಣ ಎಷ್ಟು ದಪ್ಪ ಇದೆ ಅಂತ ಅಳೆಯೋ ಪೇಂಟ್ ಮೀಟರ್ ತಪ್ದೆ ಬೇಕು. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ತೋರಿಸುತ್ತೆ, 250 ದಾಟಿದ್ರೆ ಮತ್ತೆ ಬಣ್ಣ ಹೊಡ್ದಿದ್ದಾರೆ, 500 ದಾಟಿದ್ರೆ ಒಳಗೆ ಪುಟ್ಟಿ ಇದೆ ಅಂತ ಅನುಮಾನ ಪಡಿ. ಸ್ಪೋರ್ಟ್ಸ್ ಕಾರಲ್ಲಿ ಅಲ್ಯೂಮಿನಿಯಂ ಪ್ಯಾನೆಲ್ ಇರುತ್ತೆ, ಕಬ್ಬಿಣಕ್ಕೆ ಮಾತ್ರ ಕೆಲ್ಸ ಮಾಡೋ ಮೀಟರ್ ತಗೊಂಡ್ ಹೋದ್ರೆ ಏನೂ ಓದಲ್ಲ, ಎರಡಕ್ಕೂ ಆಗೋದು ತಗೊಂಡ್ ಹೋಗಿ, ಬಂಪರ್ ಪ್ಲಾಸ್ಟಿಕ್ಕು ಅದಕ್ಕೆ ಬಿಟ್ಬಿಡಿ. ಬಂಪರ್ ಪೇಂಟ್ ಆಗಿರೋದು ದೊಡ್ಡ ವಿಷ್ಯ ಅಲ್ಲ, ಇಷ್ಟು ತಗ್ಗಿರೋ ಗಾಡಿಗೆ ಕಲ್ಲು ಹೊಡೆದೇ ಹೊಡೆಯುತ್ತೆ. ಬಾನೆಟ್, ಬಾಗಿಲಿನ ಬೋಲ್ಟ್ ತಲೆ ಮೇಲೆ ಬಣ್ಣ ಕಿತ್ತಿದ್ರೆ ಸ್ಪ್ಯಾನರ್ ಬಿದ್ದಿದೆ ಅಂತ ಲೆಕ್ಕ.

ಲಿಫ್ಟ್ ಮೇಲೆ ಏರಿಸಿದಾಗ ನೀವೂ ಕೆಳಗೆ ನಿಂತ್ಕೊಳಿ, ಹೊರಗೆ ಕೂತು ಕಾಫಿ ಕುಡಿಬೇಡಿ. ನಮ್ ಕಡೆ ಹಂಪ್‌ಗಳು ಹೆಂಗಿರುತ್ತೆ ಅಂತ ಗೊತ್ತಲ್ಲ, ತಳಭಾಗ ಉಜ್ಜಿರೋ ಗುರುತು ಎಲ್ಲಾ ಗಾಡೀಲೂ ಇರುತ್ತೆ, ಪ್ಲಾಸ್ಟಿಕ್ ಕವರ್ ಕೆರೆದಿದ್ರೆ ಪರವಾಗಿಲ್ಲ, ಆಯಿಲ್ ಸಂಪಿಗೆ ಏಟು ಬಿದ್ದಿದ್ರೆ, ಜಾಯಿಂಟಲ್ಲಿ ಆಯಿಲ್ ಒಸರಿದ್ರೆ ಫೋಟೋ ತಗೊಳಿ. ಬಾಕ್ಸ್‌ಸ್ಟರಲ್ಲಿ ರೇಡಿಯೇಟರ್, ಎಸಿ ಕಂಡೆನ್ಸರ್ ಮುಂದಿನ ಬಂಪರ್ ತೂತುಗಳ ಹಿಂದೇನೇ ಇರೋದು, ಒಣಗಿದ ಎಲೆ ಒಳಗೆ ಸೇರ್ಕೊಂಡು ಮಳೇಲಿ ನೆನೆದು ಕೊಳೆತು ಕಂಡೆನ್ಸರ್ ತಿಂದ್ಹಾಕುತ್ತೆ, ಟಾರ್ಚ್ ಬಿಟ್ಟು ನೋಡಿ, ನಮ್ಮದ್ರಲ್ಲಿ ಒಂದು ಬೊಗಸೆ ಎಲೆ ಬಂತು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರ, ಟೈರಿನ ಗೀರು ಆಳ ಇದ್ರೂ ರಬ್ಬರ್ ಗಟ್ಟಿ ಆಗಿರೋ ಹಳೇ ಟೈರ್ ಬದಲಾಯಿಸ್ಲೇಬೇಕು, ನಾಲ್ಕು ಟೈರ್ ರೇಟ್ ವಿಚಾರಿಸ್ಕೊಂಡೇ ಚೌಕಾಸಿಗೆ ಕೂತ್ಕೊಳಿ.

ಸ್ಕ್ಯಾನಿಂಗಲ್ಲಿ ಎಲ್ರೂ ಫಾಲ್ಟ್ ಕೋಡ್ ಒಂದೇ ನೋಡ್ತಾರೆ, ಅದನ್ನ ಹಿಂದಿನ ದಿನ ಅಳಿಸಿದ್ರೆ ಏನೂ ಕಾಣಲ್ಲ. ರೆಡಿನೆಸ್ ಮಾನಿಟರ್ (ಗಾಡಿ ತನ್ನಷ್ಟಕ್ಕೆ ತಾನೇ ಮಾಡ್ಕೊಳೋ ಪರೀಕ್ಷೆ) ಪೂರ್ತಿ ಆಗಿಲ್ಲ ಅಂತ ತೋರಿಸಿದ್ರೆ ಈಗ ತಾನೇ ಅಳ್ಸಿದ್ದಾರೆ ಇಲ್ಲಾ ಬ್ಯಾಟರಿ ತೆಗ್ದಿದ್ದಾರೆ ಅಂತ ತಿಳ್ಕೊಳಿ. ಪೋರ್ಷೆ ಸ್ಕ್ಯಾನರ್ ಪಿವಿಸ್ ಇರೋ ಕಡೆ ಇಂಜಿನ್ ಎಷ್ಟು ಗಂಟೆ ಓಡಿದೆ ಅಂತಾನೂ ಬರುತ್ತೆ, ಮೀಟರ್ ಕಿಲೋಮೀಟರನ್ನ ಆ ಗಂಟೆಯಿಂದ ಭಾಗಿಸಿ, 25,000 ಕಿಲೋಮೀಟರ್ ಆಗಿದೆ, ಗಂಟೆ 2,200 ಅಂದ್ರೆ ಸರಾಸರಿ 11 ಕಿಲೋಮೀಟರ್ ಸ್ಪೀಡು, ಬೆಂಗಳೂರು ಟ್ರಾಫಿಕ್ ಅಂದ್ರೂ ಅದು ಅನುಮಾನವೇ, ಮೀಟರ್ ತಿರುಗಿಸಿರಬಹುದು. ಮ್ಯಾನ್ಯುಯಲ್ ಗೇರ್ ಗಾಡಿಯಾದ್ರೆ ಓವರ್ ರೆವ್ ರಿಪೋರ್ಟ್ (ಇಂಜಿನ್ನನ್ನ ಎಷ್ಟು ಸಲ ಮಿತಿ ಮೀರಿ ತಿರುಗಿಸಿದ್ದಾರೆ ಅನ್ನೋ ಲೆಕ್ಕ) ಕೇಳಿ ಪ್ರಿಂಟ್ ತಗೊಳಿ. 2008ರ ತನಕದ ಹಳೇ ಬಾಕ್ಸ್‌ಸ್ಟರ್ ಆದ್ರೆ ಇಂಜಿನ್ ಒಳಗಿನ ಒಂದು ಶಾಫ್ಟನ್ನ ಹಿಡಿದಿರೋ ಐಎಂಎಸ್ ಬೇರಿಂಗ್ ಬಗ್ಗೆ ಕೇಳಿ, ಆಯಿಲ್ ಫಿಲ್ಟರ್ ಬಿಚ್ಚಿಸಿ ಲೋಹದ ಚೂರು ಇದೆಯಾ ನೋಡಿ, ಆ ಬೇರಿಂಗ್ ಹೋದ್ರೆ ಇಂಜಿನ್ನೇ ಹೋಯ್ತು, 2009ರಿಂದ ಬಂದ ಇಂಜಿನ್ನಲ್ಲಿ ಆ ಬೇರಿಂಗೇ ಇಲ್ಲ. ಪೋಲೋ ಜಿಟಿ ಟಿಎಸ್‌ಐ ತರದ ಗಾಡಿ ನೋಡ್ತಿರೋರು ಏಳು ಗೇರಿನ ಡಿಎಸ್‌ಜಿ ಮೆಕಾಟ್ರಾನಿಕ್ (ಆಟೋಮ್ಯಾಟಿಕ್ ಗೇರ್ ಬದಲಿಸೋ ಯೂನಿಟ್) ಬಗ್ಗೆ ಹೀಗೇ ಪಟ್ಟು ಹಿಡಿದು ಕೇಳಿ.

ನೀರು ನುಗ್ಗಿದ ಗಾಡಿಗೆ ಹುಷಾರು. 2022ರ ಸೆಪ್ಟೆಂಬರ್ ಮಳೇಲಿ ಬೆಂಗಳೂರಿನ ಪೂರ್ವಭಾಗದಲ್ಲಿ ದುಬಾರಿ ಕಾರ್‌ಗಳೇ ಮುಳುಗಿದ್ವು. ಸೀಟ್ ಬೆಲ್ಟನ್ನ ಕೊನೆ ತನಕ ಎಳೀರಿ, ಬುಡದಲ್ಲಿ ಮಣ್ಣಿನ ಕಲೆ ಇದೆಯಾ ನೋಡಿ, ಕಾರ್ಪೆಟ್ ಎತ್ತಿ ಮೂಸಿ. ಬಾಕ್ಸ್‌ಸ್ಟರ್ ಟಾಪ್ ನೀರು ಹೋಗೋ ತೂತು ಕಟ್ಕೊಂಡ್ರೂ ಒಳಗೆ ನೀರು ನಿಲ್ಲುತ್ತೆ, ಟಾಪನ್ನ ಎರಡು ಸಲ ತೆಗೆದು ಹಾಕಿಸಿ, 2014ರ ಗಾಡೀಲಿ ಒಂದ್ ಸಲ ತೆಗೆಯೋದು ಸುಮಾರು 9 ಸೆಕೆಂಡಲ್ಲಿ ಆಗ್ಬೇಕು.

ಓಡಿಸಿ ನೋಡೋಕೆ ಎಕ್ಸ್‌ಪ್ರೆಸ್‌ವೇ ಒಂದೇ ಸಾಕಾಗಲ್ಲ, ಅಲ್ಲಿ ಲಿಮಿಟ್ 100, ಕ್ಯಾಮೆರಾ ಇದೆ, ಸ್ಟೀರಿಂಗ್ ನಡುಗುತ್ತಾ ನೋಡೋಕೆ ಅಷ್ಟು ಸಾಕು. ಗೇರ್‌ಬಾಕ್ಸ್ ದೋಷ ಗೊತ್ತಾಗೋದು ನಿಧಾನದಲ್ಲಿ, ಸರ್ವಿಸ್ ರೋಡಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳ್ತಾ ಹೋಗಿ, ಏರಲ್ಲಿ ನಿಲ್ಸಿ ಎತ್ತಿ, ರಿವರ್ಸ್ ಹಾಕಿ, ಜರ್ಕ್ ಹೊಡ್ದ್ರೆ ಬರೆದಿಟ್ಕೊಳಿ.

ನಮಗೆ ಎರಡು ದಿನಕ್ಕೆ ಎಲ್ಲಾ ಸೇರಿ 16 ಸಾವಿರ ಆಯ್ತು, ಟೈರು, ಮುಂದಿನ ಬ್ರೇಕ್ ಡಿಸ್ಕ್ ಲೆಕ್ಕ ತೋರ್ಸಿ ರೇಟಲ್ಲಿ ಎರಡು ಲಕ್ಷ ಇಳಿಸಿದ್ವಿ. ಹೊರ ರಾಜ್ಯದ ಗಾಡಿ ಆದ್ರೆ ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಬೇಕು, 20 ಲಕ್ಷ ದಾಟಿದ ಹೊಸ ಕಾರಿಗೆ 18 ಪರ್ಸೆಂಟ್ ಜೊತೆಗೆ ಸೆಸ್, ಹಳೇದಕ್ಕೆ ವಯಸ್ಸಿನ ಮೇಲೆ ಕಮ್ಮಿ ಆಗುತ್ತೆ, ಆರ್‌ಟಿಓಲಿ ವಿಚಾರಿಸ್ದೆ ರೇಟ್ ಒಪ್ಕೋಬೇಡಿ. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸ್ ನಿಮ್ ಹೆಸ್ರಿಗೆ ಮಾಡಿಸೋಕೆ ಅರ್ಜಿ ಹಾಕಿ.

ಡೆಲಿವರಿ ದಿನ ಚೆಕಿಂಗ್ ದಿನ ತೆಗೆದ ಫೋಟೋ ಇಟ್ಕೊಂಡು ಟೈರ್ ನಂಬರ್ ಹೊಂದುತ್ತಾ ನೋಡಿ, ಎರಡನೇ ಕೀ ಇಸ್ಕೊಳಿ, ಮತ್ತೆ ಚಕ್ರದ ಲಾಕ್ ಬೋಲ್ಟ್ ಬಿಚ್ಚೋ ಸಣ್ಣ ಅಡಾಪ್ಟರ್ ಮುಂದಿನ ಡಿಕ್ಕೀಲಿ ಇದೆಯಾ ಅಂತ ಕಣ್ಣಾರೆ ನೋಡಿ, ಬಾಕ್ಸ್‌ಸ್ಟರಲ್ಲಿ ಸ್ಟೆಪ್ನಿ ಇಲ್ದೇ ಇರಬಹುದು, ಆ ಅಡಾಪ್ಟರೂ ಇಲ್ದೇ ರಾತ್ರಿ ಹೊತ್ತು ಮದ್ದೂರು ದಾಟಿ ಪಂಚರ್ ಆದ್ರೆ ಯಾವ ಪಂಚರ್ ಅಂಗಡಿಯವ್ರೂ ಆ ಚಕ್ರ ಬಿಚ್ಚೋಕಾಗಲ್ಲ.