ಎಚ್-ಇಂಡೆಕ್ಸ್ ಎಣಿಸುವ ಮೊದಲು ಪಟ್ಟಿ ಹಸನು ಮಾಡಿ

ಪೆಟ್ರೋಲಿಯಂ ಇಂಜಿನಿಯರಿಂಗ್ ಸಂಶೋಧಕರೊಬ್ಬರ ಪ್ರಕಟಣೆ ಮತ್ತು ಸೈಟೇಷನ್ (ಬೇರೆ ಪ್ರಬಂಧಗಳಲ್ಲಿ ಬಂದ ಉಲ್ಲೇಖ) ಲೆಕ್ಕ ಕೇಳಿದ ಕೂಡಲೇ ಗೂಗಲ್ ಸ್ಕಾಲರ್ ಪುಟದ ಅಂಕಿಯನ್ನು ಇದ್ದ ಹಾಗೇ ಬರೆದುಕೊಡುವುದು ಕಲ್ಲು ಆರಿಸದೆ ಅಕ್ಕಿ ಅಳೆದ ಹಾಗೆ. ಪಟ್ಟಿ ಹಸನಾದರೆ ಎಣಿಕೆ ಹತ್ತು ನಿಮಿಷದ ಕೆಲಸ. ಶ್ರಮವೆಲ್ಲ ಪಟ್ಟಿಗೇ ಬೇಕು.

ಹೆಸರಿನಿಂದ ಶುರು ಮಾಡಿ. ನಮ್ಮ ಕಡೆ ಸರ್‌ನೇಮ್ ಕಡಿಮೆ, ಇನಿಷಿಯಲ್ ಹೆಚ್ಚು. ಟಿ. ಎಸ್. ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಕೊನೆಯ ‘ಎ’ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ‘ಎಸ್’ ಅನ್ನೇ ಸರ್‌ನೇಮ್ ಎಂದು ಪ್ರಕಾಶಕರು ಅಚ್ಚು ಮಾಡಿದರೆ, ಪ್ರಬಂಧ ಮತ್ತು ಸೈಟೇಷನ್‌ಗಳ ಡೇಟಾಬೇಸ್ ಆದ ಸ್ಕೋಪಸ್‌ನಲ್ಲಿ ಒಬ್ಬರೇ ಮೂರು ಜನರಾಗಿ ಕಾಣುತ್ತಾರೆ. ಊರಿನ ಹೆಸರಿನದೂ ಇದೇ ಪಾಡು. 2014ರ ನವೆಂಬರ್ 1ರಿಂದ ಇಂಗ್ಲಿಷಿನ ‘ತುಮ್ಕೂರ್’ ಅಧಿಕೃತವಾಗಿ ‘ತುಮಕೂರು’ ಆಯಿತು. ವಿಳಾಸ ಹಿಡಿದು ಹುಡುಕುವವರು ಹಳೆಯದು ಹೊಸದು ಎರಡನ್ನೂ ಹಾಕಬೇಕು. ಚಿಕ್ಕಬಳ್ಳಾಪುರಕ್ಕೆ ಒಂದಕ್ಕಿಂತ ಹೆಚ್ಚು ಇಂಗ್ಲಿಷ್ ಸ್ಪೆಲಿಂಗ್‌ಗಳಿವೆ. ಕೋಲಾರ ಜಿಲ್ಲೆಯವರಾದರೆ ‘ಕೆಜಿಎಫ್’ ಮತ್ತು ‘ಕೋಲಾರ್ ಗೋಲ್ಡ್ ಫೀಲ್ಡ್ಸ್’ ಎರಡನ್ನೂ ಕೊಟ್ಟು ನೋಡಿ. ಸಿಕ್ಕ ಪ್ರೊಫೈಲ್‌ಗಳ ಐಡಿ ಬರೆದಿಟ್ಟುಕೊಂಡು, ಸ್ಕೋಪಸ್‌ನ ಆಥರ್ ಫೀಡ್‌ಬ್ಯಾಕ್ ವಿಝಾರ್ಡ್ ಮೂಲಕ ಒಂದುಗೂಡಿಸಲು ಕೋರಿಕೆ ಕಳಿಸಿ. ಸಂಶೋಧಕರ ಗುರುತಿನ ಸಂಖ್ಯೆಯಾದ ಆರ್ಕಿಡ್ (ORCID) ಐಡಿ ಇಲ್ಲದಿದ್ದರೆ ಮಾಡಿಸಿ, ಅದು ಉಚಿತ.

ಗೂಗಲ್ ಸ್ಕಾಲರ್‌ನಲ್ಲಿ ತೊಂದರೆ ಉಲ್ಟಾ: ಅದೇ ಹೆಸರಿನ ಬೇರೆಯವರ ಪ್ರಬಂಧಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಸೆಟ್ಟಿಂಗ್‌ನಲ್ಲಿ ಸ್ವಯಂ ಸೇರ್ಪಡೆ ತೆಗೆದು, ಇಮೇಲ್‌ನಲ್ಲಿ ಕೇಳಿ ಸೇರಿಸುವ ಆಯ್ಕೆ ಇಡಿ.

ಇನ್ನು ಪಟ್ಟಿ. ಎಕ್ಸೆಲ್‌ನಲ್ಲಿ ಶೀರ್ಷಿಕೆ, ವರ್ಷ, ಡಿಒಐ (ಪ್ರಬಂಧದ ಡಿಜಿಟಲ್ ಗುರುತಿನ ಸಂಖ್ಯೆ), ಪ್ರಕಟವಾದ ಜಾಗ, ಸ್ಕೋಪಸ್ ಸೈಟೇಷನ್, ಸ್ಕಾಲರ್ ಸೈಟೇಷನ್, ನೋಡಿದ ದಿನಾಂಕ ಎಂದು ಏಳು ಕಾಲಂ ಸಾಕು. ಈ ವಿಷಯಕ್ಕೆ ಬಿಡಲೇಬಾರದ ಜಾಗ ಒನ್‌ಪೆಟ್ರೋ ಎಂಬ ಆನ್‌ಲೈನ್ ಸಂಗ್ರಹ. ಸೊಸೈಟಿ ಆಫ್ ಪೆಟ್ರೋಲಿಯಂ ಇಂಜಿನಿಯರ್ಸ್, ಅಂದರೆ ಎಸ್‌ಪಿಇ ಪ್ರಬಂಧಗಳು ಅಲ್ಲಿವೆ, ಅವುಗಳ ಡಿಒಐ 10.2118 ಎಂದು ಶುರುವಾಗುತ್ತದೆ. ರಾಕ್ ಮೆಕ್ಯಾನಿಕ್ಸ್ ಸಮ್ಮೇಳನಗಳ ಪ್ರಬಂಧಗಳೂ ಅಲ್ಲೇ ಇರುವುದರಿಂದ ಕೆಜಿಎಫ್ ಗಣಿಗಳ ರಾಕ್‌ಬರ್ಸ್ಟ್ (ಒತ್ತಡಕ್ಕೆ ಬಂಡೆ ಸಿಡಿಯುವುದು) ಮೇಲೆ ಕೆಲಸ ಮಾಡಿದವರನ್ನೂ ಅಲ್ಲಿ ಹುಡುಕಿ.

ಎಸ್‌ಪಿಇ ಸಂಖ್ಯೆಯ ಬಾಲವನ್ನು ಗಮನಿಸಿ. ‘ಎಂಎಸ್’ ಎಂದರೆ ಸಮ್ಮೇಳನದಲ್ಲಿ ಮಂಡಿಸಿದ್ದು, ‘ಪಿಎ’ ಎಂದರೆ ಪರಿಶೀಲನೆ ಮುಗಿದು ಜರ್ನಲ್‌ನಲ್ಲಿ ಬಂದದ್ದು. ಒಂದೇ ಕೆಲಸ ಎರಡೂ ರೂಪದಲ್ಲಿ, ಎರಡು ಡಿಒಐ ಹೊತ್ತು ಕೂತಿರುತ್ತದೆ, ಸೈಟೇಷನ್ ಅವುಗಳ ನಡುವೆ ಹರಿದುಹೋಗುತ್ತದೆ. ಹಳೆಯದಕ್ಕೆ ಗೋಜಲು ಇನ್ನೂ ಹೆಚ್ಚು. ಬಂಡೆಯ ವಿದ್ಯುತ್ ರೋಧದಿಂದ ಅದರೊಳಗಿನ ನೀರಿನ ಪ್ರಮಾಣ ತಿಳಿಯುವ ಆರ್ಚಿ ಸೂತ್ರದ 1942ರ ಪ್ರಬಂಧವನ್ನು ಕೆಲವರು ಅಮೆರಿಕದ ಗಣಿ ಇಂಜಿನಿಯರುಗಳ ಸಂಸ್ಥೆಯಾದ ಎಐಎಂಇಯ ಟ್ರಾನ್ಸಾಕ್ಷನ್ಸ್ ಸಂಪುಟ 146 ಎಂದೂ ಕೆಲವರು ಎಸ್‌ಪಿಇ ಸಂಖ್ಯೆಯಿಂದಲೂ ಉಲ್ಲೇಖಿಸುತ್ತಾರೆ.

ಜರ್ನಲ್‌ಗಳೂ ಹೆಸರು ಬದಲಿಸಿಕೊಂಡಿವೆ. ‘ಜರ್ನಲ್ ಆಫ್ ಪೆಟ್ರೋಲಿಯಂ ಸೈನ್ಸ್ ಅಂಡ್ ಇಂಜಿನಿಯರಿಂಗ್’ 2023ರಿಂದ ‘ಜಿಯೋಎನರ್ಜಿ ಸೈನ್ಸ್ ಅಂಡ್ ಇಂಜಿನಿಯರಿಂಗ್’ ಆಗಿದೆ. ಪ್ರಕಟವಾದಾಗ ಇದ್ದ ಹೆಸರನ್ನೇ ಬರೆಯಿರಿ.

ಈಗ ಎಣಿಕೆ. ಎಚ್-ಇಂಡೆಕ್ಸ್ 6 ಎಂದರೆ ತಲಾ ಕನಿಷ್ಠ 6 ಸೈಟೇಷನ್ ಇರುವ ಪ್ರಬಂಧಗಳು ಆರು ಇವೆ ಎಂದು. ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಕೊಟ್ಟ ಎಚ್-ಇಂಡೆಕ್ಸ್‌ಗೆ ಸೈಟೇಷನ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಡಬೇಕು. ಉದಾಹರಣೆಗೆ 41, 23, 17, 9, 8, 6, 5, 3, 1, 0. ಆರನೆಯ ಪ್ರಬಂಧಕ್ಕೆ 6 ಇದೆ, ಏಳನೆಯದಕ್ಕೆ 5 ಮಾತ್ರ. ಆದ್ದರಿಂದ ಎಚ್ 6. ಹತ್ತಕ್ಕೆ ಕಡಿಮೆಯಿಲ್ಲದವು ಮೂರು, ಹಾಗಾಗಿ ಐ10 ಇಂಡೆಕ್ಸ್ 3. ಒಟ್ಟು 113.

ಇದರಲ್ಲಿ 9 ಮತ್ತು 8 ಒಂದೇ ಕೆಲಸದ ‘ಎಂಎಸ್’ ಮತ್ತು ‘ಪಿಎ’ ಎಂದಿಟ್ಟುಕೊಳ್ಳಿ. ಸ್ಕಾಲರ್‌ನಲ್ಲಿ ಎರಡಕ್ಕೂ ಟಿಕ್ ಹಾಕಿ ‘ಮರ್ಜ್’ ಒತ್ತಿದರೆ ಸಾಲು 41, 23, 17, 17, 6, 5, 3, 1, 0 ಆಗುತ್ತದೆ. ಐದನೆಯದಕ್ಕೆ 6, ಆರನೆಯದಕ್ಕೆ 5: ಎಚ್ 5ಕ್ಕೆ ಇಳಿಯಿತು, ಐ10 ಮಾತ್ರ 4ಕ್ಕೆ ಏರಿತು. ಎರಡನ್ನೂ ಒಂದೇ ಪ್ರಬಂಧ ಉಲ್ಲೇಖಿಸಿದ್ದರೆ ಅದು ಒಂದೇ ಎಣಿಕೆ, ಒಟ್ಟು ಮೊತ್ತವೂ ಅಷ್ಟು ತಗ್ಗುತ್ತದೆ. ಎಚ್ ಇಳಿಯುತ್ತದೆಂದು ಮರ್ಜ್ ಮಾಡದೆ ಬಿಡುವುದು ಸರಿಯಲ್ಲ. ಮಾಡಿದ ಕೆಲಸ ಒಂದೇ. ಸ್ಕೋಪಸ್‌ನಲ್ಲಿ ಇವು ಪ್ರತ್ಯೇಕ ದಾಖಲೆಗಳಾಗಿಯೇ ಉಳಿಯುತ್ತವೆ, ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಜೋಡಿ ಎಂದು ಗುರುತು ಹಾಕಿ.

ಸ್ವಂತ ಉಲ್ಲೇಖವನ್ನು ಕಳೆಯಲು ಸ್ಕೋಪಸ್‌ನ ಸೈಟೇಷನ್ ಓವರ್‌ವ್ಯೂ ತೆರೆಯಿರಿ. ಅಲ್ಲಿ ಆ ಲೇಖಕರದ್ದನ್ನು ಮಾತ್ರ ಅಥವಾ ಸಹಲೇಖಕರೆಲ್ಲರದ್ದನ್ನೂ ಬಿಡುವ ಆಯ್ಕೆಗಳಿವೆ. ಎರಡನ್ನೂ ನೋಡಿ. ಸಹಲೇಖಕರದ್ದನ್ನೂ ಬಿಟ್ಟಾಗ ಅಂಕಿ ಬಹಳ ಕುಸಿದರೆ, ಆ ಕೆಲಸ ಸದ್ಯಕ್ಕೆ ಅವರ ಗುಂಪಿನ ಹೊರಗೆ ಹೆಚ್ಚು ಓದಿಸಿಕೊಂಡಿಲ್ಲ ಎಂದರ್ಥ.

ಅಂಕಿಯನ್ನು ಓದುವಾಗ ಈ ಕ್ಷೇತ್ರದ ರೀತಿ ಗೊತ್ತಿರಬೇಕು. ಎನ್‌ಹಾನ್ಸ್ಡ್ ಆಯಿಲ್ ರಿಕವರಿಯ (ಬಂಡೆಯಲ್ಲಿ ಉಳಿದ ಎಣ್ಣೆಯನ್ನು ಹೊರತೆಗೆಯುವ ವಿಧಾನಗಳ) ಮೇಲಿನ ರಿವ್ಯೂ ಲೇಖನ ಬೇಗ ಸೈಟೇಷನ್ ಗಳಿಸುತ್ತದೆ. ಅಸ್ಸಾಮಿನದೋ ರಾಜಸ್ಥಾನದದೋ ಬಾವಿಯೊಂದರ ಸಿಮೆಂಟಿಂಗ್ ಸಮಸ್ಯೆ ಬಿಡಿಸಿದ ಪ್ರಬಂಧವನ್ನು ಫೀಲ್ಡ್ ಇಂಜಿನಿಯರುಗಳು ಓದಿ ಬಳಸುತ್ತಾರೆ, ಆದರೆ ಅವರು ಪ್ರಬಂಧ ಬರೆಯುವುದು ಅಪರೂಪವಾದ್ದರಿಂದ ಆ ಬಳಕೆ ಸೈಟೇಷನ್ ಆಗುವುದಿಲ್ಲ. ಹಾಗಾಗಿ ರಿವ್ಯೂಗಳನ್ನು ಬೇರೆ ಸಾಲಿನಲ್ಲಿ ತೋರಿಸಿ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ವ್ಯಕ್ತಿಯ ಖಾತೆಗೆ ಬರೆಯಬೇಡಿ. ಅದು ಆ ಜರ್ನಲ್‌ನ ಹಿಂದಿನ ಎರಡು ವರ್ಷದ ಲೇಖನಗಳಿಗೆ ಬಂದ ಸೈಟೇಷನ್‌ನ ಸರಾಸರಿ.

ಕೊನೆಗೆ ಪ್ರತಿ ಡಿಒಐ ಅನ್ನು ರಿಟ್ರಾಕ್ಷನ್ ವಾಚ್ ಡೇಟಾಬೇಸ್‌ನಲ್ಲಿ ಪರೀಕ್ಷಿಸಿ, ಹಿಂಪಡೆದ ಪ್ರಬಂಧವಿದ್ದರೆ ಎಣಿಕೆಯಿಂದ ತೆಗೆಯಿರಿ. ವರದಿಯ ಸಾಲು ಹೀಗಿರಲಿ: ‘ಗೂಗಲ್ ಸ್ಕಾಲರ್, ಎಚ್ 5, ಸಮ್ಮೇಳನ–ಜರ್ನಲ್ ಜೋಡಿ ಒಂದು ಕೂಡಿಸಿದೆ, ನೋಡಿದ ದಿನಾಂಕ ಇಂಥದ್ದು’. ಅದರ ಕೆಳಗೆ ಸ್ಕೋಪಸ್ ಅಂಕಿಗೆ ಇನ್ನೊಂದು ಸಾಲು, ಸ್ವಂತ ಉಲ್ಲೇಖ ಸೇರಿಸಿ ಎಷ್ಟು, ಬಿಟ್ಟು ಎಷ್ಟು ಎಂದು.